ಅರ್ಧ ಹೂವಿನ ಪಿನ್ನು

ಎರಡು ಜುಟ್ಟು ಒಂದಾದರೂ ಎರಡು ಜಡೆ ಒಂದಾಗಲಾರವು ಎಂದು ಗಾದೆ ಕಟ್ಟಿದವನು ಗಂಡಸೇ ಇರಬೇಕು, ಅದೂ ಇಳಕಲ್ಲಿನ ಯಮನೂರಪ್ಪನ ಮನೆಯನ್ನು ನೋಡದವನು. ಆ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಜುಟ್ಟು ಎಂದೂ ಕೂಡಲಿಲ್ಲ. ಅವರ ಹೆಂಡಂದಿರ ಎರಡು ಜಡೆ ಮಾತ್ರ, ಹಿರಿಯಳಾದ ರತ್ನವ್ವನದು, ಕಿರಿಯಳಾದ ಇಂದ್ರವ್ವನದು, ಒಬ್ಬರ ಕೈಯಲ್ಲಿ ಇನ್ನೊಬ್ಬರದು ಬೆಳೆದು, ತುರುಬಾಗಿ, ನರೆತೂ ಹೋದವು.

ತಲೆ ಎರೆದುಕೊಂಡ ದಿನ ಹಿತ್ತಲಿನ ಮೆಟ್ಟಿಲ ಮೇಲೆ ಮೂವರೂ ಸಾಲಾಗಿ ಕೂಡುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ಇಂದ್ರವ್ವ, ನಡುವೆ ರತ್ನವ್ವ, ಕೆಳಗೆ ಇಂದ್ರವ್ವನ ಮಗಳು ಶ್ರುತಿ. ಇಂದ್ರವ್ವ ರತ್ನವ್ವನ ತಲೆ ಬಾಚಿದರೆ ರತ್ನವ್ವ ಶ್ರುತಿಯ ತಲೆ ಬಾಚುವಳು. ಹೆಣ್ಣು ಹಡೆಯದ ರತ್ನವ್ವನಿಗೆ ಅದೇ ಹೆಣ್ಣುಮಗಳು. ಈಚಿನ ವರ್ಷಗಳಲ್ಲಿ ರತ್ನವ್ವನ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳುವುದು ಆಗದ ಮಾತು. ಇಂದ್ರವ್ವ ಇರುವಾಗ ಅದು ಒಂದು ಕೊರತೆ ಎಂದು ಆಕೆಗೆ ಅನಿಸಿರಲೇ ಇಲ್ಲ.

ಅಣ್ಣತಮ್ಮಂದಿರ ಜಗಳ ಮಗ್ಗದ್ದು. ತಮ್ಮ ಬಸವಂತನಿಗೆ ಪಾವರ್‌ಲೂಮ್ ಹಾಕಬೇಕು. ಯಮನೂರಪ್ಪನಿಗೆ ಕೈಮಗ್ಗ ಬಿಟ್ಟರೆ ಬೇರೆ ದೇವರಿಲ್ಲ. ಒಂದೇ ಕೋಣೆಯಲ್ಲಿ ಎರಡೂ ನಡೆಯಲಾರವು ಎಂದು ಶುರುವಾದ ಮಾತು, ಒಂದೇ ಮನೆಯಲ್ಲಿ ಇಬ್ಬರೂ ಇರಲಾರೆವು ಎನ್ನುವಲ್ಲಿಗೆ ಬಂದು ನಿಂತಿತು. ಹಿರಿಯರು ಕೂತರು, ವಾಟ್ನಿ ಮಾಡಿದರು. ಹಂಡೆ, ಕೊಪ್ಪರಿಗೆ, ಕಂಬಳಿ ಎಲ್ಲವೂ ಎರಡು ಪಾಲಾದವು. ಬೀಸುಕಲ್ಲು ಒಂದೇ ಇತ್ತು. ಮೇಲಿನದು ಒಬ್ಬರಿಗೆ, ಕೆಳಗಿನದು ಒಬ್ಬರಿಗೆ ಎಂದು ಯಾರೋ ಚೇಷ್ಟೆಗೆ ಅಂದರೆ ಇಬ್ಬರೂ ನಗಲಿಲ್ಲ, ಯೋಚನೆ ಮಾಡಿದರು.

ಕೊನೆಗೆ ಉಳಿದದ್ದು ತೀರಿಹೋದ ಅತ್ತೆ ದುರಗವ್ವನ ಬಂಗಾರದ ಪಿನ್ನು. ಎರಡು ಉದ್ದ ಕಾಲು, ತಲೆಯ ಮೇಲೆ ಐದೆಸಳಿನ ಒಂದು ಹೂವು. ಸೊಸೆಯಂದಿರು ಮನೆ ತುಂಬಿದ ದಿನ ದುರಗವ್ವ ತನ್ನ ಕೈಯಾರೆ ಅದನ್ನು ಅವರ ತುರುಬಿಗೆ ಚುಚ್ಚಿದ್ದಳು. ಆಮೇಲೆ ಯಾರು ಮದುವೆ ಮುಂಜಿಗೆ ಹೊರಟರೆ ಅವರ ತಲೆಯಲ್ಲಿ ಪಿನ್ನು. ಉಳಿದವಳು ಬರಿಯ ತುರುಬಿನಲ್ಲಿ ರೊಟ್ಟಿ ಬಡಿಯುವಳು. ಇದು ನಿನ್ನದು, ಇದು ನನ್ನದು ಎಂಬ ಮಾತು ಆ ಪಿನ್ನಿನ ಬಗ್ಗೆ ಒಮ್ಮೆಯೂ ಎದ್ದಿರಲಿಲ್ಲ.

"ಹೆಣ್ಣಮಕ್ಕಳ ವಸ್ತು. ಯಾರರೆ ಒಬ್ರು ಇಟ್ಕೊಳ್ರಿ" ಅಂದರು ಹಿರಿಯರು.

"ಅಣ್ಣನ ಮನ್ಯಾಗ ಇಟ್ರ, ನಮ್ಮವ್ವ ನನಗೇನ ಅವ್ವ ಅಲ್ಲೇನ್ರಿ?" ಅಂದ ಬಸವಂತ.

"ತಮ್ಮನ ಮನ್ಯಾಗ ಇಟ್ರ ನಾ ಹಿರೇಮಗ ಆಗಿ ಯಾಕ ಹುಟ್ಟಬೇಕಿತ್ತು?" ಅಂದ ಯಮನೂರಪ್ಪ.

"ಹಂಗಾರ ಸರಿ ಅರ್ಧಾ ಮಾಡಸ್ರಿ" ಅಂದ ಬಸವಂತ.

"ಮಾಡಸ್ರಿ. ನಾ ಏನ ಹೆದರ್ತೇನಿ?"

ಅಕ್ಕಸಾಲಿ ಪತ್ತಾರ ಬೇಡವೆಂದ, ಹೂವು ಕೆಡುತ್ತದೆ ಎಂದ. ಹಟಕ್ಕೆ ಬಿದ್ದವರ ಕಿವಿಗೆ ಅದು ಹೋಗಲಿಲ್ಲ. ಐದೆಸಳನ್ನು ಸರಿಯಾಗಿ ಎರಡು ಮಾಡಲು ಬಾರದ್ದರಿಂದ ಒಂದು ಎಸಳನ್ನು ನಡುವೆ ಸೀಳಬೇಕಾಯಿತು. ಒಂದು ಕಾಲು, ಅರ್ಧ ಹೂವು ಈ ಕಡೆ. ಒಂದು ಕಾಲು, ಅರ್ಧ ಹೂವು ಆ ಕಡೆ.

ರತ್ನವ್ವ ಒಳಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲೇ ಇಂದ್ರವ್ವ. ಪಿನ್ನು ನೀನೇ ಇಟ್ಟುಕೋ ಎಂದು ಯಾರಾದರೂ ಒಬ್ಬರು ಅಂದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಹಿರಿಯರ ಮುಂದೆ ಸೊಸೆಯಂದಿರು ಬಾಯಿ ಬಿಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಯಮನೂರಪ್ಪನಂತೂ ಇಷ್ಟು ವರ್ಷಗಳಲ್ಲಿ ತಮ್ಮನ ಹೆಂಡತಿಯ ಹೆಸರು ಹಿಡಿದು ಕರೆದವನೇ ಅಲ್ಲ. ಭಾವನಾದವನು ಕರೆಯಬಾರದು. "ಒಂದ ತಂಬಿಗಿ ನೀರು ಬೇಕಾಗಿತ್ತು" ಎಂದು ಕಂಬಕ್ಕೆ ಹೇಳುತ್ತಿದ್ದ, ನೀರು ಬರುತ್ತಿತ್ತು. ಆಕೆಯೂ ಸೆರಗು ಹೊದ್ದುಕೊಂಡು ಗೋಡೆಗೆ ಉತ್ತರ ಕೊಡುತ್ತಿದ್ದಳು.

ಆ ಗೋಡೆ ಸಾಲದು ಎಂಬಂತೆ ಈಗ ಇಟ್ಟಿಗೆಯ ಗೋಡೆ ಎದ್ದಿತು, ಹಿತ್ತಲಿನ ನಟ್ಟನಡುವೆ. ಮೆಟ್ಟಿಲು ಈ ಕಡೆ ಬಂತು, ನೀರಿನ ನಳ ಆ ಕಡೆ ಹೋಯಿತು. ತಿಂಗಳು ತುಂಬುವುದರೊಳಗೆ ಆ ಕಡೆಯಿಂದ ಪಾವರ್‌ಲೂಮಿನ ಖಟಖಟ ಸದ್ದು ಬೆಳಗಿನಿಂದ ಸಂಜೆಯವರೆಗೆ ಬರತೊಡಗಿತು. ಮೊದಲು ಇಂದ್ರವ್ವನ ಕೆಮ್ಮು, ಆಕೆಯ ಬಳೆಯ ಸದ್ದು, ಒಗ್ಗರಣೆಯ ಸದ್ದು ಕೇಳುತ್ತಿತ್ತು. ಈಗ ಅದೂ ಇಲ್ಲ. ರತ್ನವ್ವ ಪಾತ್ರೆ ತಿಕ್ಕುವ ನೆವದಿಂದ ಗೋಡೆಯ ಬುಡದಲ್ಲೇ ಕೂಡುವಳು, ಎದ್ದು ಬರುವಳು.

*

"ಇದೇನ ರೊಟ್ಟಿನೋ, ಕಂಬಳಿನೋ?" ಎಂದ ಯಮನೂರಪ್ಪ, ತಟ್ಟೆಯಿಂದ ಒಂದು ಉದ್ದನೆಯ ನರೆಗೂದಲನ್ನು ಎಳೆದು ಹಿಡಿದು. ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ಜೋಳದ ರೊಟ್ಟಿ. ಉಣ್ಣಲು ಕೂತವನ ಮುಖ ಗಂಟಾಗಿತ್ತು.

"ಕೂದಲಾ ಅದು" ಎಂದಳು ರತ್ನವ್ವ.

"ಅದು ನನಗ ಕಾಣ್ತೈತಿ. ತುರಬ ಕಟ್ಟಿ ಅಡಗಿ ಮಾಡಾಕ ಏನ ಧಾಡಿ?"

"ಕೈ ಏಳಬೇಕಲ್ಲ."

"ಇಷ್ಟ ದಿನಾ ಏಳತಿತ್ತೇನ?"

"ಇಷ್ಟ ದಿನಾ ನನಗ ನಾಕ ಕೈ ಇದ್ವು. ಎರಡು ನೀವು ಗ್ವಾಡಿ ಆಕಡೆ ಹಾಕಿದ್ರಿ."

ಮಗ ಪ್ರಭು ಗ್ರಾನೈಟ್ ಕಾರ್ಖಾನೆಯಿಂದ ಬಂದು ಮೈಯೆಲ್ಲ ಕಲ್ಲಿನ ಧೂಳಾಗಿ ಕೂತಿದ್ದ. ರೊಟ್ಟಿ ಮುರಿಯುತ್ತ ಅಂದ, "ಅಪ್ಪ, ಕೂದಲ ತಗದ ಉಣ್ಣು. ಚಿಗವ್ವ ಇದ್ದಾಗ ಕೂದಲ ಬರ್ತಿದ್ದಿಲ್ಲ. ಇನ್ನ ಬರ್ತಾವು."

"ನೀ ಸುಮ್ನ ಉಣ್ಣಲೇ. ದೊಡ್ಡವರ ಮಾತಿನ್ಯಾಗ ಬಾಯಿ ಹಾಕಬ್ಯಾಡ."

"ದೊಡ್ಡವರು ದೊಡ್ಡವರಂಗ ಇದ್ರ ಹಾಕೂದಿಲ್ಲ."

ಯಮನೂರಪ್ಪ ತಟ್ಟೆ ಸರಿಸಿ ಎದ್ದು ಮಗ್ಗದ ಕೋಣೆಗೆ ಹೋದ. ಅಲ್ಲಿಯೂ ಅವನಿಗೆ ನೆಮ್ಮದಿ ಇರಲಿಲ್ಲ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆಯ ಕೊಂಡಿಯಲ್ಲಿ ಸೆರಗಿನ ಎಳೆಯ ಕೊಂಡಿಯನ್ನು ತೂರಿಸಿ, ಒಂದೊಂದಾಗಿ ಎರಡೂ ಹಾಸನ್ನು, ಅಂದರೆ ಮಗ್ಗದ ಉದ್ದೆಳೆಗಳನ್ನು, ಕೂಡಿಸಬೇಕು. ಆ ಮನೆಯಲ್ಲಿ ಈ ಕೆಲಸ ರತ್ನವ್ವ ಇಂದ್ರವ್ವರದೇ. ಎದುರುಬದುರು ಕೂತು ಒಬ್ಬಳು ಕೊಂಡಿ ತೆರೆದು ಹಿಡಿದರೆ ಇನ್ನೊಬ್ಬಳು ತೂರಿಸುವಳು. ಮಾತು ಎಲ್ಲಿಯೋ ಇದ್ದರೂ ಕೈ ತಪ್ಪುತ್ತಿರಲಿಲ್ಲ. ಶ್ರುತಿಯ ಮದುವೆಗೆಂದು ವಾಟ್ನಿಗೆ ಮೊದಲೇ ಯಮನೂರಪ್ಪ ಒಂದು ಸೀರೆಯ ಹಾಸು ಏರಿಸಿದ್ದ. ಸೆರಗು ಕೂಡಿಸುವುದು ಮಾತ್ರ ಉಳಿದಿತ್ತು. ಹಿಂದಿನ ಓಣಿಯ ಸೋಮವ್ವನನ್ನು ಕರೆಸಿದರು. ಆಕೆ ಅರ್ಧ ದಿನ ಕೂತು ಕೂಡಿಸಿದ್ದನ್ನು ಯಮನೂರಪ್ಪ ಸಂಜೆ ಕೂತು ಬಿಚ್ಚಿದ.

"ಬಿಚ್ಚಿದ್ರಿ ಯಾಕ?" ಎಂದು ರತ್ನವ್ವ ಕೇಳಿದಳು.

"ಕೈ ಕೂಡಿಲ್ಲ" ಎಂದ ಅವನು, ಅಷ್ಟೇ. ಯಾರ ಕೈ ಕೂಡಬೇಕಿತ್ತು ಎಂದು ಅವನು ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಅಂದಿನಿಂದ ಆ ಹಾಸು ಹಾಗೆಯೇ ಬಟ್ಟೆ ಹೊದ್ದು ಕೂತಿತು.

*

ಶ್ರುತಿ ಹುನಗುಂದದ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ಇಳಿದು ಮುಂಬಾಗಿಲಿಗೆ ಹೋಗುವ ಬದಲು ಹಿಂದಿನ ಓಣಿಯಿಂದ ದೊಡ್ಡವ್ವನ ಹಿತ್ತಲಿಗೆ ಬಂದಳು ಒಂದು ಮಧ್ಯಾಹ್ನ. ಪಾವರ್‌ಲೂಮ್ ನಡೆಯುತ್ತಿರುವಾಗ ಅವಳಪ್ಪನಿಗೆ ಈ ಕಡೆಯ ಮಾತು ಕೇಳುವುದಿಲ್ಲ ಎನ್ನುವ ಲೆಕ್ಕಾಚಾರ.

"ಅಯ್ಯ, ಏನ ದೊಡ್ಡವ್ವ ನಿನ್ನ ತಲಿ? ಗುಬ್ಬಿ ಗೂಡ ಕಟ್ಟೇತಿ."

"ಕಟ್ಟಲಿ. ಯಾರರೆ ಬಂದ ಇದ್ರ ಸಾಕಾಗೇತಿ" ಎಂದಳು ರತ್ನವ್ವ. ಹೇಳುತ್ತಲೇ ಕಣ್ಣು ತುಂಬಿ ಬಂತು. "ನಿಮ್ಮವ್ವ ಹೆಂಗದಾಳ?"

"ಅದಾಳ."

"ನನ್ನ ಕೇಳ್ತಾಳೇನ?"

ಶ್ರುತಿ ಬಾಚಣಿಗೆ ತೆಗೆದುಕೊಂಡು ಹಿಂದೆ ಕೂತಳು. "ಬಾಯಿಲೆ ಕೇಳೂದಿಲ್ಲ. ಅಪ್ಪ ಇರ್ತಾನಲ್ಲ. ರೊಟ್ಟಿ ಬಡ್ಯಾಗ ಒಂದ ಹೆಚ್ಚ ಬಡೀತಾಳ. ಯಾರಿಗಿ ಅಂದ್ರ ಹಂಗ ಕೈ ಬಂತು ಅಂತಾಳ."

ಶ್ರುತಿ ತುರುಬು ಕಟ್ಟಿ, ತನ್ನ ತಲೆಯಿಂದ ಒಂದು ಉದ್ದ ಕಡ್ಡಿಯಂಥದನ್ನು ತೆಗೆದು ಅದಕ್ಕೆ ಚುಚ್ಚಿದಳು. ಒಂದೇ ಕಾಲಿನ ಪಿನ್ನು, ತುದಿಯಲ್ಲಿ ಒಂದು ಕೆಂಪು ಮಣಿ ತೂಗುತ್ತಿತ್ತು.

"ಇದ್ಯಾವ ಊರಿಂದವ್ವ?"

"ಚೀನಾದ್ದು ದೊಡ್ಡವ್ವ. ಮೊಬೈಲ್‌ನ್ಯಾಗ ತರಿಸೇನಿ. ಚೀನಾ ಸೀರಿಯಲ್ ನೋಡ್ತೇನಲ್ಲ, ಅದರಾಗಿನ ಹೆಣ್ಣಮಕ್ಕಳೆಲ್ಲಾ ಇಂಥಾವ ಹಾಕ್ಕೋತಾರ."

"ಚೀನಾದಾಗೂ ತುರಬ ಕಟ್ತಾರೇನ?"

"ಕಟ್ತಾರೇನ ಅಂತಿ? ಹಿಂದಿನ ಕಾಲದಾಗ ಅಲ್ಲಿ ತುರಬಿಂದs ದೊಡ್ಡ ಸಂಭ್ರಮ. ಹುಡುಗಿಗಿ ಹದಿನೈದ ತುಂಬಿದ ಮ್ಯಾಲ ಮನೀ ಹಿರೇ ಹೆಂಗಸ ಆಕಿ ಕೂದಲಾ ಎತ್ತಿ ಕಟ್ಟಿ ಪಿನ್ನ ಚುಚ್ಚತಿದ್ಲಂತ. ಅವತ್ತಿಂದ ಆಕಿ ದೊಡ್ಡಾಕಿ. ಹುಡುಗ ಪಿನ್ನ ಕೊಟ್ಟಾ ಅಂದ್ರ ಮದುವಿ ಕೇಳಿದಂಗ. ಬಡವರ ಮನಿ ಹೆಂಡತಿಗಿ ಬಂಗಾರ ಎಲ್ಲಿ ಬರಬೇಕು? ಮುಳ್ಳಗಿಡದ ಕಡ್ಡಿ ಚುಚ್ಕೋತಿದ್ರು. ಅದಕ ಅಲ್ಲಿ ಗಂಡಸ್ರು ಮಂದೀ ಮುಂದ ಹೆಂಡತಿಗಿ 'ನಮ್ಮನೀ ಮುಳ್ಳಕಡ್ಡಿ' ಅಂತಿದ್ರಂತ."

ರತ್ನವ್ವನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ಚಲೋ ಹೆಸರ ಇಟ್ಟಾರ. ನಿಮ್ಮ ದೊಡ್ಡಪ್ಪಗ ಗೊತ್ತಾದ್ರ ಅವರೂ ಅಂತಾರ."

"ಇನ್ನೊಂದೈತಿ ಕೇಳು. ನಮ್ಮ ದುರಗವ್ವ ಆಯಿ ಪಿನ್ನಿನಂಗ ಎರಡ ಕಾಲಿಂದೂ ಇರ್ತಾವು ಅಲ್ಲಿ. ಗಂಡಾ ಹೆಂಡತಿ ಅಗಲೂ ಹೊತ್ತಿನ್ಯಾಗ ಅದನ್ನ ಮುರಿದ ಒಂದ ಕಾಲ ಇಕಿ ಇಟ್ಕೋತಾಳ, ಒಂದ ಕಾಲ ಅವಂಗ ಕೊಡ್ತಾಳ. ಮತ್ತ ಭೆಟ್ಟಿ ಆದಾಗ ಎರಡೂ ಹೊಂದಿಸಿ ನೋಡೂದು. ಅಲ್ಲೀತನಾ ನಾ ನಿನ್ನ ದಾರಿ ಕಾಯ್ತೇನಿ ಅಂತ ಅದರ ಅರ್ಥ."

ರತ್ನವ್ವನ ನಗು ನಿಂತಿತು. ಗೋಡೆಯ ಕಡೆ ನೋಡಿದಳು.

"ಅಲ್ಲಿ ಕೂಡೂ ಸಲವಾಗಿ ಮುರೀತಾರ" ಎಂದಳು. "ನಮ್ಮಲ್ಲಿ ಅಗಲೂ ಸಲವಾಗಿ ಕಡದ್ರು."

"ಪಿನ್ನಿಗೇನ ಗೊತ್ತ ದೊಡ್ಡವ್ವ, ಯಾಕ ಕಡದ್ರು ಅಂತ?"

"ಮತ್ತ ಕೂಡತಾರೇನ ಅವರು, ಕಡೀಕ?"

ಶ್ರುತಿ ಸುಳ್ಳು ಹೇಳಲಿಲ್ಲ. "ಒಂದೊಂದ ಸೀರಿಯಲ್‌ದಾಗ ಕೂಡತಾರ. ಒಂದೊಂದರಾಗ ಕಾಯ್ಕೋತ ಸಾಯ್ತಾರ."

ರತ್ನವ್ವ ಎದ್ದು ಒಳಗೆ ಹೋದಳು. ಟ್ರಂಕಿನ ತಳದಿಂದ ಅರ್ಧ ಹೂವಿನ ಪಿನ್ನನ್ನು ತಂದು ಶ್ರುತಿಯ ಕೈಯಲ್ಲಿಟ್ಟಳು.

"ನಿಮ್ಮವ್ವಗ ಕೊಡು. ನಿನ್ನ ಮದುವ್ಯಾಗ ಎರಡೂ ಕೂಡಿಸಿ ನಿನ್ನ ತುರಬಿಗಿ ಹಾಕಂತ ಹೇಳು. ಆ ಪಿನ್ನ ಹಾಕ್ಕೊಳ್ಳಲಾರದ ಈ ಮನ್ಯಾಗ ಯಾರ ಮದುವೀನೂ ಆಗಿಲ್ಲ."

ಶ್ರುತಿಗೆ ಕಮತಗಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಆಕೆ ತಲೆ ತಗ್ಗಿಸಿದಳು. "ನೀ ಬಂದ ಹಾಕು ದೊಡ್ಡವ್ವ. ಅಪ್ಪ ನಿಮಗ ಕಾರ್ಡ ಕೊಡೂದಿಲ್ಲ ಅನ್ನಾಕ ಹತ್ಯಾನ. ಕೊಡಲಿಲ್ಲಂದ್ರೂ ಬಾ."

"ಕರೀಲಾರದ ಹೆಂಗ ಬರ್ಲೆವ್ವ?"

ಅಷ್ಟರಲ್ಲಿ ಪಾವರ್‌ಲೂಮ್ ನಿಂತಿತು. ಕರೆಂಟು ಹೋಗಿತ್ತು. ಗೋಡೆಯಾಚೆಯಿಂದ ಬಸವಂತನ ದನಿ ಬಂತು, "ಯಾರ ಕೂಡ ಮಾತಾಡಾಕ ಹತ್ತೀಯ ಶ್ರುತಿ? ಬಾ ಈಕಡೆ. ಇನ್ನೊಮ್ಮಿ ಆ ಮನೀ ಮೆಟ್ಲಾ ತುಳದ್ರ ಕಾಲೇಜ ಬಂದ್." ಶ್ರುತಿ ಓಡಿದಳು. ಚೀನಾದ ಪಿನ್ನು ರತ್ನವ್ವನ ತುರುಬಿನಲ್ಲೇ ಉಳಿಯಿತು. ರಾತ್ರಿ ಮಲಗುವಾಗ ಅದನ್ನು ಕೈಯಲ್ಲಿ ಹಿಡಿದು ನೋಡಿ, ಇದಕ್ಕೆ ಒಂದೇ ಕಾಲು, ಇದನ್ನು ಯಾರಿಗೂ ಪಾಲು ಮಾಡಲು ಬರುವುದಿಲ್ಲ ಎಂದುಕೊಂಡಳು.

*

ಮುಚ್ಚಿಟ್ಟ ಮಾತು ಎಷ್ಟು ದಿನ ಉಳಿದೀತು? ವಾರದೊಳಗೆ ಯಮನೂರಪ್ಪ ಏನನ್ನೋ ಹುಡುಕುತ್ತ ಟ್ರಂಕು ತೆಗೆದ.

"ಪಿನ್ನ ಎಲ್ಲಿ?"

"ಇಂದ್ರವ್ವಗ ಕೊಟ್ಟೆ."

"ನನ್ನ ಪಾಲಾ ಕೊಡಾಕ ನೀ ಯಾರು?"

ರತ್ನವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಹೊಲದ ಪಾಲು ನಿಮ್ಮದು, ಮನೀ ಪಾಲು ನಿಮ್ಮದು. ಪಿನ್ನ ತಲ್ಯಾಗ ಇರೂದು. ತಲಿ ನಂದು."

"ನಮ್ಮವ್ವಂದು ಅದು."

"ನಿಮ್ಮವ್ವ ನಿಮ್ಮ ತುರಬಿಗಿ ಹಾಕಿದ್ಲೇನ್ರಿ? ನನಗ ಹಾಕಿದ್ಲು, ಆಕಿಗಿ ಹಾಕಿದ್ಲು. ಕಡಿಯೂ ಹೊತ್ತಿನ್ಯಾಗ ನಮ್ಮನ್ನ ಒಂದ ಮಾತ ಕೇಳಿದ್ರೇನ?"

ಯಮನೂರಪ್ಪ ಟ್ರಂಕು ಮುಚ್ಚಿದ. ಆ ದಿನ ಊಟಕ್ಕೆ ಕರೆದಾಗ ಬಂದು ಕೂತ. ಮಡಕಿಕಾಳು ಪಲ್ಯದಲ್ಲಿ ಒಂದು ಕೂದಲು ಇತ್ತು. ತೆಗೆದು ಪಕ್ಕಕ್ಕಿಟ್ಟು ಉಂಡ.

ಇಂದ್ರವ್ವನಿಂದ ಮಾತ್ರ ಏನೂ ಬರಲಿಲ್ಲ. ಪಿನ್ನು ಮುಟ್ಟಿತೋ ಇಲ್ಲವೋ, ಬಸವಂತನ ಕೈಗೆ ಸಿಕ್ಕಿತೋ, ಇಂದ್ರವ್ವನಿಗೇ ಬೇಡವಾಯಿತೋ. ರತ್ನವ್ವ ಬೆಳಗಾಗೆದ್ದು ಗೋಡೆಯ ಕಡೆ ನೋಡುವಳು. ಓಣಿಯ ಮನೆಮನೆಗೂ ಮದುವೆಯ ಕಾರ್ಡು ಹಂಚಿದರು. ಒಂದು ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋದರು. ರತ್ನವ್ವ ಹೊಸ್ತಿಲಲ್ಲಿ ನಿಂತು ನೋಡಿದಳು.

ಮದುವೆಯ ದಿನ ಬೆಳಗಿನಿಂದ ಬ್ಯಾಂಡಿನ ಸದ್ದು. ಪ್ರಭು ಹೊಸ ಅಂಗಿ ತೊಟ್ಟು ಹೊರಟ.

"ಎಲ್ಲಿಗಿ?" ಎಂದ ಯಮನೂರಪ್ಪ.

"ತಂಗಿ ಮದುವಿಗಿ."

"ಕರದಾರೇನ ನಿನ್ನ?"

"ಅಣ್ಣಗ ಕಾರ್ಡ ಯಾಕ ಬೇಕಪ್ಪ? ಹೊಡದ್ರ ಕಾಕಾ ಹೊಡೀಲಿ, ಹೊಡಿಸ್ಕೊಂಡ ಉಂಡ ಬರ್ತೇನಿ."

ಅವನು ಹೋದ. ರತ್ನವ್ವ ಮೆಟ್ಟಿಲ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಬಾಗಲಕೋಟೆಯಿಂದ ಬ್ಯೂಟಿ ಪಾರ್ಲರಿನವಳು ಬಂದಿದ್ದಾಳಂತೆ. ಯಾರೋ ಗುರುತಿಲ್ಲದವಳು ಶ್ರುತಿಯ ತಲೆ ಬಾಚುತ್ತಿದ್ದಾಳೆ. ಆ ಕೂದಲಿನ ನೆತ್ತಿಯಲ್ಲಿ ಸುಳಿ ಎಡಕ್ಕಿದೆ, ಬೈತಲೆ ತುಸು ಬಲಕ್ಕೆ ತೆಗೆಯಬೇಕು ಎಂದು ಆಕೆಗೆ ಯಾರು ಹೇಳಬೇಕು?

ಹಿಂದೆ ಹೆಜ್ಜೆಯ ಸದ್ದಾಯಿತು. ಯಮನೂರಪ್ಪ ಮೇಲಿನ ಮೆಟ್ಟಿಲಲ್ಲಿ ಬಂದು ಕೂತ.

"ತಾ ಇಲ್ಲಿ ಹಣಗಿ" ಎಂದು ಬಾಚಣಿಗೆಗೆ ಕೈ ಚಾಚಿದ.

"ನಿಮಗೇನ ಬರ್ತೈತಿ?"

"ಸಾವಿರ ಎಳಿ ಹಾಸು ಬಿಡಸ್ತೇನಿ. ನಿನ್ನ ತಲ್ಯಾಗ ಅಷ್ಟೇನೂ ಉಳಿದಿಲ್ಲ."

ಬಿಡಿಸಿದ, ನಿಜ. ಒಂದು ಕೂದಲೂ ಕೀಳದಂತೆ ಬಿಡಿಸಿದ. ಕಟ್ಟಲು ಮಾತ್ರ ಬರಲಿಲ್ಲ. ಹಿಡಿದು ತಿರುವಿದ, ಜಾರಿತು. ಮತ್ತೆ ತಿರುವಿ ನೇಕಾರರ ಗಂಟು ಹಾಕಿದ. ಚೀನಾದ ಪಿನ್ನು ಚುಚ್ಚಿದರೆ ಅದು ಬಿತ್ತು. ಎದ್ದು ಹೋಗಿ ಮಗ್ಗದಿಂದ ಒಂದು ಬಿದಿರು ಕಡ್ಡಿ ತಂದು ಚುಚ್ಚಿದ. ರತ್ನವ್ವನಿಗೆ ನಗುವೂ ಅಳುವೂ ಕೂಡಿಯೇ ಬಂದವು. ಮದುವೆಯಾದ ಇಷ್ಟು ಕಾಲದಲ್ಲಿ ಆ ಕೈ ತನ್ನ ತಲೆಯನ್ನು ಹೀಗೆ ಮುಟ್ಟಿರಲಿಲ್ಲ.

"ನಾ ಏನ ತಮ್ಮನ ಹೆಂಡತಿ ಮ್ಯಾಲ ಸಿಟ್ಟ ಆಗಿದ್ದಿಲ್ಲ" ಎಂದ ಅವನು, ಆಕೆಯ ಬೆನ್ನಿಗೆ.

"ಅದನ್ನ ನನಗ್ಯಾಕ ಹೇಳ್ತೀರಿ?"

ಮಧ್ಯಾಹ್ನ ಇಳಿದ ಮೇಲೆ ಮನೆ ಮುಂದಿನ ಓಣಿಯಲ್ಲಿ ಗಾಡಿ ನಿಂತ ಸದ್ದಾಯಿತು. ಮದುಮಗಳನ್ನು ಕಮತಗಿಗೆ ಕಳಿಸುವ ಗಾಡಿ. ಶ್ರುತಿ ಬಾಸಿಂಗದ ಗುರುತು ಹಣೆಯ ಮೇಲೆ ಹೊತ್ತುಕೊಂಡೇ ಇಳಿದು ಒಳಗೆ ಬಂದಳು. ನಡುಮನೆಯಲ್ಲಿ ರತ್ನವ್ವನ ಮುಂದೆ ಬೆನ್ನು ಮಾಡಿ ನೆಲದ ಮೇಲೆ ಕೂತಳು.

"ಲಗೂನ ದೊಡ್ಡವ್ವ. ಅಪ್ಪ ತಾ ಗಾಡಿ ಇಳಿಯಂಗಿಲ್ಲ ಅಂದಾನ. ಕೂಗಾಕ ಹತ್ತೂದ್ರಾಗ ಮುಗಸು."

"ಏನ ಮುಗಸ್ಲಿ?"

"ನೋಡು."

ರತ್ನವ್ವ ನೋಡಿದಳು. ತುರುಬಿನಲ್ಲಿ ಎರಡು ಅರ್ಧ ಹೂವುಗಳು ಪಕ್ಕಪಕ್ಕ. ಬೆಸುಗೆ ಹಾಕಿರಲಿಲ್ಲ. ಕೆಂಪು ರೇಷ್ಮೆ ಎಳೆಯಿಂದ ಒಂದು ಅರ್ಧಕ್ಕೆ ಕೊಂಡಿ ಹಾಕಿತ್ತು. ಸೆರಗು ಕೂಡಿಸುವ ಕೊಂಡಿ. ಇನ್ನೊಂದು ಅರ್ಧದ ಎಳೆ ಹಾಗೇ ಸಡಿಲವಾಗಿ ಜೋತು ಬಿದ್ದಿತ್ತು.

"ಪತ್ತಾರ ಬೆಸೀತೇನಂದ, ಅವ್ವ ಬ್ಯಾಡಂದ್ಲು" ಎಂದಳು ಶ್ರುತಿ. "ನನ್ನ ಕಡೀದು ನಾ ಹಾಕೇನಿ, ಅಕ್ಕನ ಕಡೀದು ಅಕ್ಕಾನs ತೂರಸ್ಬೇಕು, ಒಂದs ಕೈಲೆ ಕೂಡೂದಿಲ್ಲ ಅಂದ್ಲು."

ರತ್ನವ್ವನ ಬೆರಳು ದಾರಿ ಮರೆತಿರಲಿಲ್ಲ. ತೆರೆದಿದ್ದ ಕೊಂಡಿಯೊಳಗೆ ಎಳೆ ತೂರಿಸಿ ಎಳೆದಳು. ಸೀಳಿದ್ದ ಎಸಳು ಎಸಳಿಗೆ ಕೂತಿತು. ನಡುವೆ ಕೆಂಪು ಗೆರೆಯೊಂದು ಉಳಿಯಿತು, ಅಷ್ಟೇ.

"ಆತು" ಎಂದಳು.

ಶ್ರುತಿ ತಿರುಗಿ ಕಾಲಿಗೆ ಬಿದ್ದು ಏಳುವಾಗ ದೊಡ್ಡವ್ವನ ತಲೆ ನೋಡಿದಳು. "ಇದ್ಯಾರ ಕಟ್ಟ್ಯಾರ?"

"ನಿಮ್ಮ ದೊಡ್ಡಪ್ಪ."

"ಮುಳ್ಳಕಡ್ಡಿ" ಎಂದು ನಕ್ಕಳು ಶ್ರುತಿ, ನಗುತ್ತಲೇ ಅತ್ತಳು, ಹೋದಳು. ರತ್ನವ್ವ ಬಾಗಿಲಿಗೆ ಬಂದಳು. ಗಾಡಿಯ ಕಿಟಕಿಯಲ್ಲಿ ಇಂದ್ರವ್ವ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಬಸವಂತ ಮುಖ ಆಚೆ ತಿರುವಿದ್ದ. ಗಾಡಿ ಹೊರಟಾಗ ಹಸಿರು ಬಳೆಯ ಒಂದು ಕೈ ಮಾತ್ರ ಕಿಟಕಿಯಿಂದ ತುಸು ಹೊರಗೆ ಬಂತು, ಬೆರಳು ಬಿಚ್ಚಿದವು, ಮುಚ್ಚಿದವು. ಕೊಂಡಿ ಕೊಡು ಎಂದು ಕೇಳುವಾಗ ಆ ಕೈ ಹಾಗೆಯೇ ಮಾಡುತ್ತಿತ್ತು.

*

ಪಿನ್ನು ಇಡಿಯಾಗಿ ಕಮತಗಿಗೆ ಹೋಯಿತು. ಇನ್ನು ಅದರಲ್ಲಿ ಯಾರಿಗೂ ಪಾಲಿಲ್ಲ. ಗೋಡೆ ಮಾತ್ರ ಇದ್ದಲ್ಲೇ ಇತ್ತು, ಪಾವರ್‌ಲೂಮಿನ ಸದ್ದೂ ಇತ್ತು. ಮದುವೆ ಮುಗಿದ ಮನೆಗಳು ಹೇಗಿರುತ್ತವೋ ಹಾಗೆ ಎರಡೂ ಮನೆ ಬಣಗುಟ್ಟುತ್ತಿದ್ದವು. ರತ್ನವ್ವನಿಗೆ ಆ ಕೈಯ ನೆನಪು ಹೋಗಲಿಲ್ಲ. ಉಣ್ಣಲು ಕೂತರೆ ಬರುತ್ತಿತ್ತು, ಮಲಗಿದರೆ ಬರುತ್ತಿತ್ತು.

ಮುಂದಿನ ಶುಕ್ರವಾರ ಆಕೆ ತಲೆ ಎರೆದುಕೊಂಡಳು. ಕೂದಲು ಬಿಚ್ಚಿ ಮೆಟ್ಟಿಲ ಮೇಲೆ ಕೂತಳು, ನಡುವಿನ ಮೆಟ್ಟಿಲಲ್ಲಿ. ಮೇಲಿನ ಮೆಟ್ಟಿಲು ಖಾಲಿ. ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು. ಏಳಲಿಲ್ಲ.

ಯಮನೂರಪ್ಪ ಎರಡು ಸಲ ಬಂದು ನೋಡಿ ಹೋದ. ಮೂರನೆಯ ಸಲ ನಿಂತ. "ದೀಪ ಹಚ್ಚೂ ಹೊತ್ತಾತು ಪ್ರಭುನವ್ವ."

"ಗೊತ್ತೈತಿ."

"ಶುಕ್ರಾರ ಸಂಜೀಕ ಮುತ್ತೈದಿ ಕೂದಲಾ ಬಿಟ್ಕೊಂಡ ಕುಂತ್ರ ಮನಿಗಿ ಚಲೋ ಅಲ್ಲ."

"ಅದೂ ಗೊತ್ತೈತಿ."

"ತಾ, ನಾ ಕಟ್ತೇನಿ."

"ನಿಮ್ಮ ಕೈ ಬ್ಯಾಡ. ಅವತ್ತ ಕಟ್ಟಿದ್ರಿ, ಸಾಕು. ಅದು ನನಗ ಸಾಯೂತನಾ ನೆನಪ ಇರ್ತೈತಿ. ಆದ್ರ ನಾ ಆಕಿ ಕೈಲೇನ ಕಟ್ಟಿಸ್ಕೊಳ್ಳಾಕಿ. ಅಲ್ಲೀತನಾ ದೀಪ ಹಚ್ಚೂದಿಲ್ಲ."

"ಹಟಾ ಮಾಡಬ್ಯಾಡ."

"ನಿಮ್ಮ ಮನ್ಯಾಗ ಕಲ್ತೇನ್ರಿ ಹಟಾ."

ಪ್ರಭು ಒಳಬಾಗಿಲಲ್ಲಿ ನಿಂತಿದ್ದ. ಅವನೇ ಹೋಗಿ ಕರೆಯಲು ಹೊರಟ. ರತ್ನವ್ವ ಕೈ ಎತ್ತಿ ತಡೆದಳು, ಎಷ್ಟು ಏಳುತ್ತದೋ ಅಷ್ಟು. "ನೀ ಅಲ್ಲಪ್ಪ. ಗ್ವಾಡಿ ಕಟ್ಟಿಸಿದವರು ಕರೀಲಿ."

"ನಾ ಹೆಂಗ ಕರೀಲಿ?" ಎಂದ ಯಮನೂರಪ್ಪ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ದಿಕ್ಕು ತಪ್ಪಿದವನ ದನಿ ಅದು. "ತಮ್ಮನ ಹೆಂಡತೀನ್ನ ನಾ ಹೆಂಗ ಕರೀಲಿ? ಒಂದ ದಿನಾ ಮಾತಾಡ್ಸಿದಾಂವ ಅಲ್ಲ."

"ಹೆಸರ ಹಿಡದ ಕರೀರಿ. ಹೆಸರಿಟ್ಟಿದ್ದು ಕರೀಲಿ ಅಂತs."

ಹೊತ್ತು ಮುಳುಗುತ್ತಿತ್ತು. ಓಣಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಕಂಡವು. ರತ್ನವ್ವ ಮಡಿಲಲ್ಲಿ ಬಾಚಣಿಗೆ, ಚೀನಾದ ಪಿನ್ನು ಇಟ್ಟುಕೊಂಡು ಗೋಡೆಯನ್ನೇ ನೋಡುತ್ತಿದ್ದಳು. ಅವನು ಕರೆಯದಿದ್ದರೆ ಕತ್ತಲಲ್ಲೇ ಕೂಡುವುದು ಎಂದು ಆಕೆ ನಿಶ್ಚಯ ಮಾಡಿದ್ದಳು. ಆದರೆ ಒಳಗೊಳಗೆ ಹೆದರಿದ್ದಳು. ಅವನು ಕರೆದು, ಆಕೆ ಬಾರದಿದ್ದರೆ?

ಯಮನೂರಪ್ಪ ಗೋಡೆಯ ಹತ್ತಿರ ಹೋದ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಗಂಟಲು ಸರಿ ಮಾಡಿಕೊಂಡ.

"ಇಂದ್ರವ್ವಾ" ಎಂದ.

ಪಾವರ್‌ಲೂಮಿನ ಖಟಖಟದಲ್ಲಿ ಆ ದನಿ ಮುಳುಗಿತು. ಅವನು ಹಿಂತಿರುಗಿ ಹೆಂಡತಿಯನ್ನು ನೋಡಿದ. ಅವನು ಮತ್ತೆ ಗೋಡೆಗೆ ಮುಖ ಮಾಡಿದ, ಈ ಸಲ ಜೋರಾಗಿ.

"ಇಂದ್ರವ್ವಾ. ನಿಮ್ಮ ಅಕ್ಕ ತಲಿ ಎರಕೊಂಡ ಕುಂತಾಳವ್ವ. ಕಟ್ಟಾವರು ಯಾರೂ ಇಲ್ಲ. ಬಾರವ್ವಾ."

ಪಾವರ್‌ಲೂಮ್ ನಿಂತಿತು. ಕರೆಂಟು ಹೋಗಿರಲಿಲ್ಲ. ಗೋಡೆಯ ಮೇಲಿನಿಂದ ಆ ಮನೆಯ ದೀಪದ ಬೆಳಕು ಹಾಗೆಯೇ ಕಾಣುತ್ತಿತ್ತು. ಒಳಗೆ ಯಾರೋ ಕೈಯಾರೆ ಗುಂಡಿ ಒತ್ತಿ ನಿಲ್ಲಿಸಿದ್ದರು. ಆಮೇಲೆ ಬಸವಂತನ ದನಿ, ಮೆಲ್ಲಗೆ, "ಕರಿಯಾಕ ಹತ್ಯಾನ. ಹೋಗು."

ರತ್ನವ್ವ ಹಸಿ ಕೂದಲನ್ನು ಬೆನ್ನ ಮೇಲೆ ಸರಿಮಾಡಿಕೊಂಡಳು. ಮೇಲಿನ ಮೆಟ್ಟಿಲ ಧೂಳನ್ನು ಸೆರಗಿನಿಂದ ಒರೆಸಿದಳು. ಆ ಕಡೆ ಹಿತ್ತಲ ಬಾಗಿಲಿನ ಚಿಲಕ ತೆಗೆದ ಸದ್ದು ಕೇಳಿತು.